ತಿರುವಿನಲ್ಲಿ ಮಾತ್ರ ಸಪ್ಪಳ

ಹಳೇ ಕಾರು ಇಟ್ಟುಕೊಂಡವರಿಗೆ ಎರಡು ಕಿವಿ ಸಾಲುವುದಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಏನೋ ಮುಖ್ಯವಾದದ್ದನ್ನೇ ಹೇಳುತ್ತಿರುವಾಗ "ಒಂದು ನಿಮಿಷ" ಎಂದು ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ, ಕತ್ತು ಹೊರಗೆ ಚಾಚುವ ಗಂಡಸರನ್ನು ನೀವು ಸಿಗ್ನಲ್ಲಿನಲ್ಲಿ ನೋಡಿರುತ್ತೀರಿ. ಆ ಜಾತಿಗೆ ನಾನೂ ಸೇರಿದವನು. ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು 1,18,000 ಕಿ.ಮೀ. ಪುಣೆಯಲ್ಲೇ ಕೊಂಡಿದ್ದರಿಂದ ಎಂಎಚ್-14 ನಂಬರು. ಊರಿನ ಗಾಡಿ ತಂದು ಎನ್‌ಓಸಿ, ರೋಡ್ ಟ್ಯಾಕ್ಸ್ ಎಂದು ಆರ್‌ಟಿಓ ಮೆಟ್ಟಿಲು ಸವೆಸುವ ಗೆಳೆಯರ ಪಾಡು ನನಗೆ ಬರಲಿಲ್ಲ. ಬಂದಿದ್ದು ಸಪ್ಪಳದ ಪಾಡು.

ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಯಿತು. ನೇರ ಹೋದರೆ ಏನೂ ಇಲ್ಲ. ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಮುಂದಿನಿಂದ ಕಟ್ ಕಟ್ ಕಟ್. ನಮ್ಮ ಸೊಸೈಟಿಯ ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪು ಸುರುಳಿಯಾಗಿ ಬಲಕ್ಕೇ ಸುತ್ತುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ಅದೇ ಸುಪ್ರಭಾತ. ಕೆಳಗೆ ನೆಲಕ್ಕೆ ಬಳಿದ ನುಣುಪು ಬಣ್ಣದ ಮೇಲೆ ಟೈರು ಕೀಂಯ್ ಎನ್ನುವುದು ಬೇರೆ, ಅದು ಎಲ್ಲರ ಕಾರಿಗೂ ಇದ್ದದ್ದೇ. ಇದು ಲೋಹದ ಸದ್ದು.

ಸರ್ವೀಸ್ ಸೆಂಟರಿಗೆ ಒಯ್ದೆ. ಕೌಂಟರಿನ ಹುಡುಗ "ಆವಾಜ್ ಕಸಾ ಯೇತೋ?" ಎಂದು ವಿಚಾರಿಸಿದ. ಹೇಗೆ, ಯಾವಾಗ, ಯಾವ ಕಡೆ ತಿರುಗಿಸಿದಾಗ ಎಂದು ನಾಲ್ಕು ವಾಕ್ಯ ಹೇಳಿದೆ. ಜಾಬ್ ಕಾರ್ಡಿನಲ್ಲಿ ಅವನು ಬರೆದದ್ದು ಎರಡೇ ಪದ: ಫ್ರಂಟ್ ನಾಯ್ಸ್. ಸಂಜೆ ಎಸ್ಟಿಮೇಟ್ ಬಂತು. ಸ್ಟೇರಿಂಗ್ ರ‍್ಯಾಕ್, ಎರಡೂ ಕಡೆಯ ಡ್ರೈವ್ ಶಾಫ್ಟ್, ಎರಡೂ ಸ್ಟ್ರಟ್ ಮೌಂಟಿಂಗ್, ಅಲೈನ್‌ಮೆಂಟ್, ಎಲ್ಲ ಸೇರಿ 46,000 ರೂಪಾಯಿ. ಅವರನ್ನು ಕಳ್ಳರು ಎನ್ನುವುದಿಲ್ಲ. "ಮುಂದೆ ಸಪ್ಪಳ" ಎಂದಷ್ಟೇ ಬರೆದ ಚೀಟಿ ಕೈಗೆ ಬಂದರೆ, ಮುಂದೆ ಇರುವುದನ್ನೆಲ್ಲ ಬದಲಿಸಿದರೆ ಸಪ್ಪಳ ಹೋಗಿಯೇ ಹೋಗುತ್ತದೆ. ಆದರೆ ಆ ಗಾಡಿ ಮಾರಿದರೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. "ಕೊಟ್ಟುಬಿಡಿ, ಸಾಕು" ಎಂದಳು ಹೆಂಡತಿ. ಲೆಕ್ಕ ಹಾಕಿದರೆ ಅವಳ ಮಾತೇ ಸರಿ.

ಅಡ್ಡ ಬಂದದ್ದು ಅವ್ವ. ಕಣ್ಣಿನ ಪೊರೆ ತೆಗೆಸಲು ಪುಣೆಗೆ ಬಂದಿದ್ದಳು. ಹನ್ನೆರಡು ದಿನದಲ್ಲಿ ಧಾರವಾಡದಲ್ಲಿ ತಂಗಿಯ ಕುಬಸ. ರೈಲು ಟಿಕೆಟ್ಟು ವೇಟಿಂಗಿನಲ್ಲೇ ಕೂತಿತ್ತು. ಸ್ಲೀಪರ್ ಬಸ್ಸಿನ ಬರ್ತಿಗೆ ಹತ್ತಲು ಅವಳ ಮೊಣಕಾಲು ಒಪ್ಪುವುದಿಲ್ಲ. ಈ ಕಾರಿನ ಮುಂದಿನ ಸೀಟು ಮಾತ್ರ ಅವಳಿಗೆ ಸರಿಹೊಂದುವ ಎತ್ತರ, ಹತ್ತುವುದೂ ಬೇಡ, ಕುಸಿಯುವುದೂ ಬೇಡ. ಆದರೆ ಖಂಬಾಟಕಿ ಘಾಟು ದಾಟಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ 400 ಕಿ.ಮೀ.ಗೂ ಹೆಚ್ಚು ದೂರ ಅವಳನ್ನು ಕೂರಿಸಿಕೊಂಡು ಹೋಗುವಾಗ ಮುಂದಿನ ಚಕ್ರದಲ್ಲಿ ಏನು ಸಡಿಲವಾಗಿದೆ ಎಂದು ಗೊತ್ತಿಲ್ಲದಿದ್ದರೆ ಹೇಗೆ?

ನನ್ನ ಕೆಲಸ ಸಾಫ್ಟ್‌ವೇರಿನ ತಪ್ಪು ಹುಡುಕುವುದು. ಯಾವಾಗ ಬರುತ್ತದೆ ಎನ್ನುವುದು ಗೊತ್ತಾಗದ ತೊಂದರೆಯನ್ನು ನಾವು ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಸೊಸೈಟಿಯ ಹಿಂದಿನ ಖಾಲಿ ಜಾಗಕ್ಕೆ ಗಾಡಿ ಒಯ್ದೆ. ವಾಕಿಂಗ್ ಮಾಡಬೇಕಾದ ಅವ್ವ ಮುಂದಿನ ಸೀಟಿನಲ್ಲಿ ಬಂದು ಕೂತಳು.

ಮೊದಲು ನಿಂತಲ್ಲೇ, ಇಂಜಿನ್ ಚಾಲೂ ಇಟ್ಟು, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಕಟಕಟ ಇಲ್ಲ. ಆದರೆ ಒಂದು ಕಡೆ ಟಂಯ್ ಎಂದು ಸ್ಪ್ರಿಂಗು ಬಿಡಿಸಿಕೊಂಡ ಹಾಗೆ ಇನ್ನೊಂದು ಸದ್ದು ಸಿಕ್ಕಿತು. ಇಷ್ಟು ದಿನ ರಸ್ತೆಯ ಗದ್ದಲದಲ್ಲಿ ಅಡಗಿದ್ದದ್ದು! ಅದನ್ನು ಪಕ್ಕಕ್ಕಿಟ್ಟು, ಬಲಕ್ಕೆ ತಿರುಗಿಸಿಟ್ಟುಕೊಂಡು ಮೊದಲ ಗೇರಿನಲ್ಲಿ ನಿಧಾನ ಸುತ್ತಿದೆ. ಕಟ್, ಕಟ್. ಆಕ್ಸಿಲರೇಟರ್ ಒತ್ತಿದಾಗ ಗಟ್ಟಿ, ಕಾಲು ತೆಗೆದರೆ ಮೆತ್ತಗೆ. ವೇಗ ಹೆಚ್ಚಾದಂತೆ ಕಟಕಟವೂ ಚುರುಕು, ಅಂದರೆ ಚಕ್ರದ ಸುತ್ತಿಗೆ ಕಟ್ಟಿಹಾಕಿದ ಸದ್ದು. ಎಡಕ್ಕೆ ತಿರುಗಿಸಿದರೆ ಬಹುತೇಕ ಇಲ್ಲವೇ ಇಲ್ಲ. ಆಮೇಲೆ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಕಿಟಕಿ ಇಳಿಸಿ ಓಡಿಸಿದೆ. ಗೋಡೆ ಸದ್ದನ್ನು ವಾಪಸು ಕೊಡುತ್ತದೆ, ಯಾವ ಬದಿಯದು ಎಂದು ಸ್ವಲ್ಪ ತಿಳಿಯುತ್ತದೆ.

ನಾನು ಇದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಾಗ ಅವ್ವ ಅಂದಳು: "ಯಪ್ಪಾ, ಪುಟಾಣಿ ಕಡದಂಗ ಸಪ್ಪಳ ಬರತೈತಲ್ಲ, ಅದು ನನ್ನ ಕಾಲ ಬುಡಕ್ಕ ಐತಿ ನೋಡು. ದಿನಾ ಏರಿ ಏರೂ ಮುಂದ ಅಷ್ಟ ಬರತೈತಿ, ಇಳಿಯೂ ಮುಂದ ಇಲ್ಲ."

ಸರ್ವೀಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಇರಬೇಕಾದದ್ದೆಲ್ಲ ಆ ಎರಡು ಸಾಲಿನಲ್ಲಿತ್ತು. ಎಂಥ ಸದ್ದು, ಯಾವ ಮೂಲೆ, ಯಾವಾಗ ಇದೆ, ಯಾವಾಗ ಇಲ್ಲ. ಕಾಲ ಬುಡ ಎಂದರೆ ಎಡ ಮುಂದಿನ ಚಕ್ರ. ಏರುವಾಗ ಎಂದರೆ ಇಂಜಿನ್ನು ಚಕ್ರವನ್ನು ಬಲವಾಗಿ ತಿರುವುತ್ತಿರುವಾಗ.

ಆಫೀಸಿನ ಗೆಳೆಯ ಹೇಳಿದ ಸಿಂಹಗಡ ರಸ್ತೆಯ ಸಣ್ಣ ಗ್ಯಾರೇಜಿಗೆ ಹೋದೆವು. ಮಿಸ್ತ್ರಿ ಅಕ್ಕಲಕೋಟ ಕಡೆಯವರು, ಮನೆ ಮಾತು ಕನ್ನಡ. ಸೊಲ್ಲಾಪುರ, ಅಕ್ಕಲಕೋಟದ ಕನ್ನಡದವರು ಪುಣೆಯಲ್ಲಿ ಎಲ್ಲೆಲ್ಲೂ ಇದ್ದಾರೆ, ನಾವು ಮರಾಠಿಯಲ್ಲೇ ಮುಗಿಸಿ ಬರುತ್ತೇವೆ. ಅವ್ವನ ಪುಟಾಣಿಯ ಹೋಲಿಕೆಗೆ ಅವರು ನಕ್ಕು, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ, ಎಡ ಚಕ್ರದ ಹಿಂದೆ ಟಾರ್ಚು ಬಿಟ್ಟರು. ರಿಮ್ಮಿನ ಒಳಮೈಗೆ, ಪಕ್ಕದ ಸ್ಟ್ರಟ್ಟಿಗೆ ಕಪ್ಪು ಗ್ರೀಸು ಪಟ್ಟೆಯಾಗಿ ಸಿಡಿದಿತ್ತು. "ಬೂಟ್ ಹರದೈತ್ರಿ ಸಾಹೇಬ್ರ. ಔಟರ್ ಜಾಯಿಂಟ್ ತಿಂದೈತಿ. ರ‍್ಯಾಕ್ ಚಲೋ ಐತಿ, ಅದನ್ಯಾಕ ಬಿಚ್ಚತೀರಿ?"

ಈ ಜಾಯಿಂಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಪ್ಪನ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇಂಜಿನ್ನಿನ ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಕ್ಕೆ, ಮುಂದಿನದು ತಿರುಗಿ ದಿಕ್ಕು ಕೊಟ್ಟರೆ ಸಾಕಿತ್ತು. 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರದಿಂದಲೇ ಎಳೆಯುವ ಗಾಡಿ, ಇವತ್ತಿನ ಸಣ್ಣ ಕಾರುಗಳೂ ಹಾಗೆಯೇ. ಅಂದರೆ ಮುಂದಿನ ಚಕ್ರ ಎಡ ಬಲ ವಾಲುತ್ತಲೇ ಇಂಜಿನ್ನಿನ ಶಕ್ತಿಯನ್ನೂ ತೆಗೆದುಕೊಳ್ಳಬೇಕು. ಅದಕ್ಕಾಗಿ ಚಕ್ರದ ಬಳಿ ಒಂದು ಬಟ್ಟಲು, ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡು, ಗುಂಡಿಗೊಂದು ತೋಡು. ನೇರ ಹೋಗುವಾಗ ಗುಂಡುಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ತಿರುಗಿದಾಗ ಪ್ರತಿ ಸುತ್ತಿಗೂ ತೋಡಿನಲ್ಲಿ ಹಿಂದೆ ಮುಂದೆ ಜಾರುತ್ತವೆ. ಮೇಲೆ ಹೊದಿಸಿದ ರಬ್ಬರಿನ ಚೀಲವೇ ಬೂಟು. ಅದು ಹರಿದರೆ ಗ್ರೀಸು ಹೊರಗೆ, ನೀರು ಮತ್ತು ಮರಳು ಒಳಗೆ. ತೋಡು ಸವೆದು ಹಳ್ಳ ಬಿದ್ದ ಮೇಲೆ ಗುಂಡು ಜಾರುವುದಿಲ್ಲ, ಹಾರುತ್ತದೆ. ಆ ಹಾರುವಿಕೆಯೇ ಕಟ್. ಬೂಟು ಹರಿದ ಹೊಸತರಲ್ಲೇ ನೋಡಿದರೆ ಬೂಟು, ಗ್ರೀಸಿನಲ್ಲೇ ಮುಗಿಯುತ್ತದೆ. ಸದ್ದು ಶುರುವಾದ ಮೇಲೆ ಜಾಯಿಂಟೇ ಬೇಕು. ಬಲಕ್ಕೆ ತಿರುಗಿದಾಗ ಸದ್ದು ಬಂದರೆ ಎಡದ್ದು ಕೆಟ್ಟಿದೆ ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ನನ್ನ ಗಾಡಿಯಲ್ಲಿ ಹಾಗೇ ಇತ್ತು, ಆದರೆ ಅದನ್ನು ನಂಬಿ ಸಾಮಾನು ತರಿಸಬೇಡಿ. ಎರಡೂ ಬೂಟು ಕಣ್ಣಾರೆ ನೋಡಿ.

ಮಿಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಗಾಡಿ ಎತ್ತಿ, ಜಾಕಿನ ಜೊತೆ ಸ್ಟ್ಯಾಂಡೂ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ, ಆಮೇಲೆ ಎಡಕ್ಕೆ ಬಲಕ್ಕೆ ಹಿಡಿದು ಅಲುಗಾಡಿಸಿದರು. ಬೇರಿಂಗು ಹೋಗಿದ್ದರೆ ಕಟಕಟ ಅಲ್ಲ, ಗುಂಯ್ ಎಂಬ ಗುನುಗು ವೇಗದ ಜೊತೆ ಏರುತ್ತಿತ್ತು. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಕ್ಕೆ ಬೀಳುವುದರಿಂದ, ಆಗ ಗುನುಗು ಹೆಚ್ಚಾದರೆ ಬಲದ ಬೇರಿಂಗಿನ ಮೇಲೆ ಅನುಮಾನ. ಆಯಿಲ್ ಹಾಕುವ ಹಳೇ ಪವರ್ ಸ್ಟೇರಿಂಗ್ ಇದ್ದು, ಪೂರ್ತಿ ತಿರುಗಿಸಿದಾಗ ನರಳಿದರೆ ಮೊದಲು ಆಯಿಲ್ ಮಟ್ಟ ನೋಡಬೇಕು. ನನ್ನದು ಕರೆಂಟಿನದು, ಆ ಪ್ರಶ್ನೆಯೇ ಇಲ್ಲ. ಅವರು ಹೆಚ್ಚು ಹೊತ್ತು ನೋಡಿದ್ದು ಲೋವರ್ ಆರ್ಮಿನ ಬಾಲ್ ಜಾಯಿಂಟನ್ನು. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ಓಡುವ ಗಾಡಿಯಲ್ಲಿ. ಅದರಲ್ಲಿ ಆಟ ಕಂಡರೆ ಗಾಡಿಯನ್ನು ಅಲ್ಲೇ ಬಿಟ್ಟು ರಿಕ್ಷಾದಲ್ಲಿ ಮನೆಗೆ ಹೋಗಿ ಎಂದರು. ಆಟ ಇರಲಿಲ್ಲ.

ಔಟರ್ ಜಾಯಿಂಟು, ಬೂಟು, ಗ್ರೀಸು, ಕೂಲಿ ಸೇರಿ 3,400 ರೂಪಾಯಿ. ಅರ್ಧ ದಿನದ ಕೆಲಸ. ಬಿಚ್ಚಿದ ಹಳೇ ಬಟ್ಟಲನ್ನು ಅವ್ವನ ಕೈಗೇ ಕೊಟ್ಟರು. ಅವಳು ತೋಡಿನ ಮೇಲೆ ಬೆರಳಾಡಿಸಿ, "ಒಳಕಲ್ಲು ಸವದಂಗ ಸವದೈತಿ" ಎಂದಳು.

ಕುಬಸಕ್ಕೆ ಎರಡು ದಿನ ಮೊದಲೇ ಧಾರವಾಡ ಮುಟ್ಟಿದೆವು. ಅವ್ವ ಬೆಳಗಾವಿಯವರೆಗೆ ನಿದ್ದೆ ಮಾಡಿದಳು.

ನಿಂತಲ್ಲಿ ತಿರುಗಿಸಿದಾಗಿನ ಟಂಯ್ ಹಾಗೇ ಇದೆ. ಅದು ಎಡಗಡೆ ಸ್ಟ್ರಟ್ಟಿನ ತಲೆಯ ಬೇರಿಂಗು. ತಿರುಗದೆ ಹಿಡಿದುಕೊಂಡು ಸ್ಪ್ರಿಂಗನ್ನು ಮುರಿಗೆ ಹಾಕಿ ಬಿಡುತ್ತದೆ. ಮಿಸ್ತ್ರಿ ಸ್ಪ್ರಿಂಗಿನ ಮೇಲೆ ಕೈಯಿಟ್ಟು ನನ್ನಿಂದ ಸ್ಟೇರಿಂಗ್ ತಿರುಗಿಸಿಸಿ ಖಾತ್ರಿ ಮಾಡಿಕೊಂಡರು. ಸದ್ಯಕ್ಕೆ ಗಡಿಬಿಡಿ ಇಲ್ಲ, ಸ್ಟೇರಿಂಗ್ ಬಿಗಿಯಾದರೆ ತನ್ನಿ ಎಂದಿದ್ದಾರೆ. 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಫಿಟ್‌ನೆಸ್ ಮಾಡಿಸಿ ನೋಂದಣಿ ಮುಂದುವರಿಸಬೇಕು. ಆಗ ಇದನ್ನೂ ಹಾಕಿಸುವುದು ಎಂದು ಹೆಂಡತಿಗೆ ಹೇಳಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ.