ಮಾಸ್ತರರ ಫೈಲು ಯಾಕೆ ತೆವಳುತ್ತಿತ್ತು

ಕಬ್ಬು ಕಟಾವು ಶುರುವಾದ ಮೇಲೆ ನಮ್ಮ ಕಡೆ ಬೈಕ್ ಹತ್ತಿ ಸುದ್ದಿಗೆ ಹೋಗುವುದು ನಿಧಾನದ ಕೆಲಸ. ಜಮಖಂಡಿಯಿಂದ ಮುಧೋಳಕ್ಕೆ ಹೊರಟರೆ ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಅಂಥ ಒಂದು ದಿನ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಿಂದ ಮಾಸ್ತರರ ಫೋನ್ ಬಂತು.

"ತಮ್ಮಾ, ಈ ಕಡೆ ಬಂದಾಗ ಮನಿಗೆ ಬಂದ್ ಹೋಗು. ಕಂಪ್ಯೂಟರ್ ಹಟ ಹಿಡದೈತಿ. ಕೆಳಗ ಹೋಗು ಅಂದ್ರ ಅಲ್ಲೇ ನಿಂದರತೈತಿ. ಆಮ್ಯಾಲ ಒಮ್ಮೆಲೇ ಹತ್ತ್ ಪೇಜ್ ಹಾರತೈತಿ."

"ಆತ್ರಿ ಸರ್, ನಾಳೆ ಬರ್ತೀನ್ರಿ" ಅಂದೆ.

ಮಾಸ್ತರರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಅವರ ಹುಟ್ಟೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಅದನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. ಆ ಅಂಕಿಗಳನ್ನು ನಾವು ವರದಿಗಾರರು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಮಾಸ್ತರರು ಬರೆಯುತ್ತಿರುವುದು ಬೇರೆ. ಮುಳುಗಿದ ಊರಿನಲ್ಲಿ ಯಾವ ಓಣಿಯಲ್ಲಿ ಯಾರ ಮನೆ ಇತ್ತು, ಆ ಮನೆಯವರು ಏನು ಕೆಲಸ ಮಾಡುತ್ತಿದ್ದರು, ಅವರ ಜಾತ್ರೆ, ಅವರ ಬಾವಿ, ಈಗ ಅವರು ಎಲ್ಲಿದ್ದಾರೆ. ಆರು ವರ್ಷದಿಂದ ಒಂದೇ ಫೈಲಿನಲ್ಲಿ ಕೂಡಿಸುತ್ತ ಬಂದಿದ್ದಾರೆ. 310 ಪುಟ.

ಮರುದಿನ ಹೋದಾಗ ಅವರು ಮೊದಲು ಕಂಪ್ಯೂಟರ್ ವಿಷಯ ಎತ್ತಲೇ ಇಲ್ಲ. ಚಹಾ ಕುಡಿಯುತ್ತ, "ಕುಂಬಾರ ಓಣಿ ಹೋತು ತಮ್ಮಾ" ಅಂದರು. ಮೂರು ತಿಂಗಳ ಹಿಂದೆ ಹೀಗೇ ಪರದೆ ನಿಂತಾಗ ಮೌಸ್ ಎಳೆದಿದ್ದಾರೆ, ಸಿಟ್ಟಿಗೆ ಒಂದೆರಡು ಕೀ ಒತ್ತಿದ್ದಾರೆ. ಎಲ್ಲೋ ಒಂದು ಭಾಗ ಸೆಲೆಕ್ಟ್ ಆಗಿ ಅಳಿಸಿಹೋಗಿದೆ. ಅದು ಗೊತ್ತಾಗದೆ ಸೇವ್ ಮಾಡಿದ್ದಾರೆ. ವಾರದ ಮೇಲೆ ನೋಡಿದರೆ ಕುಂಬಾರ ಓಣಿಯ 14 ಮನೆ ಇಲ್ಲ. ಆ ಓಣಿಯನ್ನು ಸಾಲಾಗಿ ಹೇಳಿ ಬರೆಸಿದ್ದ ಅಜ್ಜಿ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಅಜ್ಜಿ ಹೇಳಿದಂತೆ ನೇರ ಟೈಪ್ ಮಾಡಿದ್ದರಿಂದ ಕೈಬರಹದ ಪ್ರತಿಯೂ ಇರಲಿಲ್ಲ.

"ಇನ್ನೊಂದ್ ಓಣಿ ಹೋಗೂದ್ರಾಗ ಇದನ್ನ ಬಂದ್ ಮಾಡಿ ಇಡ್ತೀನಿ" ಅಂದರು. ಅಂದರೆ ಬರೆಯುವುದನ್ನೇ ಬಿಡುತ್ತೇನೆ ಅಂತ.

ಫೈಲ್ ತೆರೆದು ನೋಡಿದೆ. ಲಿಬ್ರೆಆಫೀಸ್ ರೈಟರ್. ಕಂಪ್ಯೂಟರ್ ಹಳೆಯದು, ರ‍್ಯಾಮ್ 4 ಜಿಬಿ. ಮೌಸ್ ಚಕ್ರ ತಿರುಗಿಸಿದರೆ ಪರದೆ ಮೂರ್ನಾಲ್ಕು ಸೆಕೆಂಡ್ ಸುಮ್ಮನಿದ್ದು ಆಮೇಲೆ ಹಾರುತ್ತಿತ್ತು. ಹಾರುವುದಕ್ಕೆ ಕಾರಣ ಸರಳ. ಪರದೆ ನಿಂತಿದೆ ಅಂತ ನಾವು ಮತ್ತೆ ಮತ್ತೆ ತಿರುಗಿಸುತ್ತೇವೆ. ಆ ತಿರುಗಿಸಿದ್ದು, ಒತ್ತಿದ್ದು ಯಾವುದೂ ಕಳೆದುಹೋಗುವುದಿಲ್ಲ. ಸರತಿಯಲ್ಲಿ ಕಾದು, ಕಂಪ್ಯೂಟರ್‌ಗೆ ಪುರುಸೊತ್ತಾದ ಕೂಡಲೇ ಒಟ್ಟಿಗೆ ನಡೆದುಬಿಡುತ್ತವೆ. ಕುಂಬಾರ ಓಣಿ ಹೋದದ್ದೂ ಹೀಗೆಯೇ.

ನನ್ನ ಮೊದಲ ತೀರ್ಪು ಎಲ್ಲರದೂ ಆಗಿರುವಂಥದ್ದೇ: ಕಂಪ್ಯೂಟರ್ ಹಳೆಯದಾಗಿದೆ. ಒಂದು ಡಿಟಿಪಿ ಅಂಗಡಿಯವರೂ ಅದನ್ನೇ ಹೇಳಿದ್ದರಂತೆ, ಹೊಸದು ತಗೊಳ್ಳಿ ಅಂತ. ಬ್ರೌಸರ್ ಮುಚ್ಚಿದೆ, ಬೇಡದ ಫೈಲುಗಳನ್ನು ಅಳಿಸಿದೆ, ರೀಸ್ಟಾರ್ಟ್ ಮಾಡಿದೆ. ಎರಡು ತಾಸು ಹೋಯಿತು, ಏನೂ ಬದಲಾಗಲಿಲ್ಲ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಹೊಸ ಫೈಲ್ ತೆರೆದು, ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಅಂಟಿಸಿ 200 ಪುಟ ಮಾಡಿದೆ. ಅದೇ ಕಂಪ್ಯೂಟರ್, ಅದೇ ರೈಟರ್. ಚಕ್ರ ತಿರುಗಿಸಿದರೆ ಎಣ್ಣೆ ಹಚ್ಚಿದಂತೆ ಓಡಿತು. ಅಂದರೆ ತಪ್ಪು ಯಂತ್ರದ್ದಲ್ಲ, ತಂತ್ರಾಂಶದ್ದೂ ಅಲ್ಲ. ನಾವು ಆ ಫೈಲಿನೊಳಗೆ ತುಂಬಿದ ಏನೋ ಒಂದು. ಬನಹಟ್ಟಿಯಲ್ಲಿ ನೇಕಾರರು ಮಗ್ಗ ನಿಂತರೆ ಮೊದಲು ಮೋಟಾರ್ ಬಿಚ್ಚುವುದಿಲ್ಲ, ಎಳೆ ಎಲ್ಲಿ ಹರಿದಿದೆ ನೋಡುತ್ತಾರೆ. ನಾನು ಮೋಟಾರ್ ಬಿಚ್ಚಲು ಕೂತಿದ್ದೆ.

ಎಳೆ ಹುಡುಕುವ ಮುಂಚೆ ಫೈಲಿನ ನಕಲು ತೆಗೆದು, ಹೆಸರಿನಲ್ಲಿ ದಿನಾಂಕ ಸೇರಿಸಿ, ಪೆನ್‌ಡ್ರೈವ್‌ನಲ್ಲಿ ಇಟ್ಟೆ. ಮುಂದಿನದೆಲ್ಲ ಇನ್ನೊಂದು ನಕಲಿನ ಮೇಲೆ.

ಮೊದಲ ಪರೀಕ್ಷೆ ಫೋಟೊಗಳದು. ರೈಟರ್‌ನ ವ್ಯೂ ಮೆನುವಿನಲ್ಲಿ 'ಇಮೇಜಸ್ ಅಂಡ್ ಚಾರ್ಟ್ಸ್' ಅಂತ ಒಂದು ಸಾಲಿದೆ. ಅದರ ಟಿಕ್ ತೆಗೆದರೆ ಫೋಟೊ ಅಳಿಯುವುದಿಲ್ಲ, ಕಾಣುವುದಿಲ್ಲ ಅಷ್ಟೆ. ಟಿಕ್ ತೆಗೆದು ಚಕ್ರ ತಿರುಗಿಸಿದೆ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಹೋಯಿತು. ಮಾಸ್ತರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಓಡಿಟಿ ಫೈಲ್ ಅನ್ನುವುದು ನಿಜದಲ್ಲಿ ಒಂದು ಜಿಪ್ ಗಂಟು. ವರ್ಡ್‌ನ ಡಾಕ್ಸ್ ಫೈಲೂ ಹಾಗೆಯೇ. ನಕಲಿನ ಹೆಸರಿನ ಕೊನೆಯ ಅಕ್ಷರಗಳನ್ನು ತೆಗೆದು ಜಿಪ್ ಅಂತ ಬದಲಿಸಿ ತೆರೆದರೆ ಒಳಗೆ 'ಪಿಕ್ಚರ್ಸ್' ಎಂಬ ಫೋಲ್ಡರ್ ಸಿಗುತ್ತದೆ. ಡಾಕ್ಸ್‌ನಲ್ಲಾದರೆ 'ವರ್ಡ್' ಫೋಲ್ಡರಿನೊಳಗೆ 'ಮೀಡಿಯಾ'. ಮಾಸ್ತರರದರಲ್ಲಿ 68 ಫೋಟೊ, ಹೆಚ್ಚಿನವು ಮೊಬೈಲಿನಲ್ಲಿ ತೆಗೆದವು, ಒಂದೊಂದೂ ಮೂರ್ನಾಲ್ಕು ಎಂಬಿ. ಪುಟದ ಮೇಲೆ ಅಂಗೈಯಷ್ಟು ಕಾಣುತ್ತಿದ್ದವು. ಮೂಲೆ ಹಿಡಿದು ಚಿಕ್ಕದು ಮಾಡಿದರೆ ಫೋಟೊ ಚಿಕ್ಕದಾಯಿತು ಅಂತ ಅವರ ನಂಬಿಕೆ, ನಮ್ಮೆಲ್ಲರದೂ ಅದೇ. ಕಾಣುವುದು ಮಾತ್ರ ಚಿಕ್ಕದಾಗುತ್ತದೆ, ಒಳಗಿನ ಫೋಟೊ ಇದ್ದಷ್ಟೇ ಇರುತ್ತದೆ.

ಲೆಕ್ಕ ಹಾಕಿ ತೋರಿಸಿದೆ. ಗಣಿತದ ಮಾಸ್ತರರಿಗೆ ಲೆಕ್ಕ ಹೇಳುವ ಅವಕಾಶ ದಿನಾ ಸಿಗುವುದಿಲ್ಲ. ಮೊಬೈಲಿನ ಒಂದು ಫೋಟೊ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ. ಒಟ್ಟು 1 ಕೋಟಿ 20 ಲಕ್ಷ. ಪರದೆಗೆ ತರಲು ಒಂದೊಂದು ಚುಕ್ಕಿಗೆ 4 ಬೈಟ್ ಜಾಗ ಬೇಕು. ಡಿಸ್ಕ್‌ನಲ್ಲಿ 4 ಎಂಬಿ ಇದ್ದ ಫೋಟೊ ಬಿಚ್ಚಿದಾಗ 48 ಎಂಬಿ ಆಗುತ್ತದೆ.

"68 ಗುಣಿಲೆ 48" ಅಂದರು ಮಾಸ್ತರರು, ಕಾಗದ ಇಲ್ಲದೆ. "ಮೂರು ಸಾವಿರದ ಎರಡು ನೂರಾ ಅರವತ್ನಾಲ್ಕು."

ಮೂರೂ ಕಾಲು ಜಿಬಿ ಹತ್ತಿರ ಹತ್ತಿರ. ಕಂಪ್ಯೂಟರಿನಲ್ಲಿ ಇರುವುದೇ 4 ಜಿಬಿ, ಅದರಲ್ಲಿ ವಿಂಡೋಸ್ ತಾನು ಕೂರಬೇಕು. ರೈಟರ್ ಎಲ್ಲ ಫೋಟೊಗಳನ್ನೂ ಒಮ್ಮೆಲೇ ಬಿಚ್ಚಿ ಇಟ್ಟುಕೊಳ್ಳುವುದಿಲ್ಲ. ಆದರೆ ನಾವು ಜೋರಾಗಿ ಕೆಳಗೆ ಹೋದಂತೆ ಒಂದನ್ನು ಬಿಚ್ಚಿ, ಪುಟಕ್ಕೆ ತಕ್ಕಂತೆ ಕುಗ್ಗಿಸಿ, ತೋರಿಸಿ, ಮುಂದಿನದನ್ನು ಬಿಚ್ಚಬೇಕು. ಜಾಗ ತುಂಬಿದರೆ ಡಿಸ್ಕ್‌ಗೆ ಇಳಿಸಿ ಮತ್ತೆ ಏರಿಸಬೇಕು.

ಪುಸ್ತಕ ಅಚ್ಚಾಗುವಾಗ ಒಂದು ಇಂಚಿಗೆ 300 ಚುಕ್ಕಿ ಇದ್ದರೆ ಸಾಕು. 5 ಇಂಚು ಅಗಲದ ಫೋಟೊಗೆ 1500 ಚುಕ್ಕಿ. ಅಡ್ಡ 1500, ಉದ್ದ 1125 ಮಾಡಿದರೆ ಬಿಚ್ಚಿದಾಗ 7 ಎಂಬಿಯೊಳಗೆ ನಿಲ್ಲುತ್ತದೆ. ಫೋಟೊ ಮೇಲೆ ಬಲಗುಂಡಿ ಒತ್ತಿದರೆ 'ಕಂಪ್ರೆಸ್' ಅಂತ ಬರುತ್ತದೆ, ಅಲ್ಲಿ 300 ಡಿಪಿಐ ಆರಿಸಬೇಕು. ವರ್ಡ್‌ನಲ್ಲಿ 'ಕಂಪ್ರೆಸ್ ಪಿಕ್ಚರ್ಸ್' ಅಂತಿದೆ, ಅದರಲ್ಲಿ ಎಲ್ಲ ಫೋಟೊಗಳನ್ನೂ ಒಟ್ಟಿಗೆ ಮಾಡಬಹುದು. ರೈಟರ್‌ನಲ್ಲಿ ನಾವು ಒಂದೊಂದಾಗಿ ಮಾಡಿದೆವು. ಮೂಲ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ಅಂಕಿ ಹಾಕಿ ಇಟ್ಟೆವು. ಹಳೆಯ ಗುಡಿಯ ಒಂದು ಫೋಟೊ ಇದೆ, ನೀರು ಇಳಿದ ಬೇಸಿಗೆಯಲ್ಲಿ ತೆಗೆದದ್ದು. ಅದನ್ನು ಕುಗ್ಗಿಸಿ ಮೂಲ ಕಳೆದರೆ ಮತ್ತೆ ಎಲ್ಲಿಂದ ತರುವುದು?

ಫೋಟೊ ಮುಗಿದರೂ ಮೊದಲ 120 ಪುಟ ಇನ್ನೂ ತಡವರಿಸುತ್ತಿದ್ದವು. ಅವು ನುಡಿಯಲ್ಲಿ ಟೈಪ್ ಆದವು. ಅದರ ಆಚೆಗಿನವು ಯುನಿಕೋಡ್. ನುಡಿಯ ಹಳೆಯ ಅಕ್ಷರ ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳ ಸಾಲು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಹಾಗಾಗಿ ರೈಟರ್ ಒಂದೊಂದು ಪದವನ್ನೂ ಇಂಗ್ಲಿಷ್ ನಿಘಂಟಿಗೆ ಹಿಡಿದು, ತಪ್ಪು ಅಂತ ಕೆಂಪು ಗೆರೆ ಎಳೆಯುತ್ತಿತ್ತು. 120 ಪುಟದಲ್ಲಿ ಒಂದು ಪದವೂ ಬಿಟ್ಟಿರಲಿಲ್ಲ. ಶಿಫ್ಟ್ ಜತೆ ಎಫ್7 ಒತ್ತಿ ಆ ತಪಾಸಣೆ ನಿಲ್ಲಿಸಿದೆ. ಗೆರೆಗಳೂ ಹೋದವು, ತಡವರಿಕೆಯೂ ಇಳಿಯಿತು.

ಮಾಸ್ತರರು ಕುಂಬಾರ ಓಣಿಯನ್ನು ಫೈಲಿನಲ್ಲಿ ಹುಡುಕಿದರೂ ಯಾಕೆ ಸಿಗಲಿಲ್ಲ ಅನ್ನುವುದು ಆಗ ತಿಳಿಯಿತು. ಅವರು ಹುಡುಕಿದ್ದು ಯುನಿಕೋಡ್‌ನಲ್ಲಿ. ಆ ಭಾಗ ಇದ್ದದ್ದು ನುಡಿಯಲ್ಲಿ. ಕಂಪ್ಯೂಟರಿಗೆ ಅವೆರಡೂ ಒಂದೇ ಪದವಲ್ಲ.

ಇಲ್ಲಿಗೆ ಮುಗಿಸಿ ಏಳಬಹುದಿತ್ತು. ಇನ್ನೂ ಸ್ವಲ್ಪ ಭಾರ ಉಳಿದಿದೆ ಅನ್ನಿಸಿ ಎಡಿಟ್ ಮೆನುವಿನಲ್ಲಿ 'ಟ್ರ್ಯಾಕ್ ಚೇಂಜಸ್' ನೋಡಿದೆ. 'ರೆಕಾರ್ಡ್' ಚಾಲೂ ಇತ್ತು. ಯಾವಾಗಲೋ ಅವರ ಮೊಮ್ಮಗ ಕರಡು ತಿದ್ದಲು ಅದನ್ನು ಹಾಕಿ, ಬಣ್ಣದ ಗುರುತು ಕಾಣಬಾರದು ಅಂತ 'ಶೋ' ಮಾತ್ರ ತೆಗೆದಿದ್ದ. ಅಂದಿನಿಂದ ಮಾಸ್ತರರು ಸೇರಿಸಿದ, ಅಳಿಸಿದ ಒಂದೊಂದು ಅಕ್ಷರವೂ ದಾಖಲಾಗುತ್ತ ಹೋಗಿದೆ. ಸಾವಿರಗಟ್ಟಲೆ ನಮೂದು. ಪುಟ ಜೋಡಿಸುವಾಗ ರೈಟರ್ ಅವನ್ನೂ ಹೊತ್ತು ತಿರುಗಬೇಕು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ಎಲ್ಲ ಬದಲಾವಣೆಗಳನ್ನೂ ಒಪ್ಪಿಬಿಡಿ, ಫೈಲ್ ಹಗುರಾಗುತ್ತದೆ. ನನ್ನ ಮೌಸ್ 'ಅಕ್ಸೆಪ್ಟ್ ಆಲ್' ಮೇಲೇ ಇತ್ತು.

"ತಡಿ ತಮ್ಮಾ" ಅಂದರು ಮಾಸ್ತರರು. "ಒಪ್ಪೂದಕ್ಕ ಮೊದಲ ಏನ್ ಬರದಾರ ಓದಬೇಕಲ್ಲ?"

ಸಹಿ ಮಾಡುವ ಮುಂಚೆ ಕಾಗದ ಓದು ಅನ್ನುವುದು ಪುನರ್ವಸತಿ ಕೇಂದ್ರದಲ್ಲಿ ಬದುಕಿದವರ ಅಭ್ಯಾಸ. 'ಶೋ' ಮೇಲೆ ಟಿಕ್ ಹಾಕಿದೆ. ಪುಟಗಳೆಲ್ಲ ಬಣ್ಣವಾದವು. ನಿಧಾನ ಕೆಳಗೆ ಬಂದೆವು. 87ನೇ ಪುಟದಲ್ಲಿ ಅಡ್ಡಗೆರೆ ಎಳೆದ ದೊಡ್ಡದೊಂದು ಭಾಗ. ಕುಂಬಾರ ಓಣಿ. ಹದಿನಾಲ್ಕೂ ಮನೆ.

ಅಳಿಸಿದ್ದು ಅಳಿದಿರಲಿಲ್ಲ. ರೆಕಾರ್ಡ್ ಚಾಲೂ ಇದ್ದುದರಿಂದ ಫೈಲು ಅದನ್ನು ಮರೆಮಾಡಿ ಇಟ್ಟುಕೊಂಡಿತ್ತು. ಫೈಲನ್ನು ಭಾರ ಮಾಡಿದ್ದ ಕಸದೊಳಗೇ ಅದು ಇತ್ತು. ನಾನು 'ಅಕ್ಸೆಪ್ಟ್ ಆಲ್' ಒತ್ತಿ, ಸೇವ್ ಮಾಡಿ, ಚಹಾ ಕುಡಿದು ಹೊರಟಿದ್ದರೆ ಮಾಸ್ತರರ ಕಂಪ್ಯೂಟರ್ ಚೆನ್ನಾಗಿ ಓಡುತ್ತಿತ್ತು, ಅವರು ನನಗೆ ಕೈಮುಗಿಯುತ್ತಿದ್ದರು, ಆ ಓಣಿ ಇನ್ನೊಮ್ಮೆ ಮುಳುಗುತ್ತಿತ್ತು. ಪೆನ್‌ಡ್ರೈವ್‌ನ ನಕಲಿನಲ್ಲಿ ಅದು ಉಳಿದಿರುತ್ತಿತ್ತು ನಿಜ. ಆದರೆ ಅಲ್ಲಿದೆ ಅಂತ ಯಾರಿಗೆ ಗೊತ್ತಿರುತ್ತಿತ್ತು?

ಆ ಭಾಗವನ್ನು ಆರಿಸಿ 'ರಿಜೆಕ್ಟ್' ಒತ್ತಿದೆ. ಅಡ್ಡಗೆರೆ ಹೋಯಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಮೊದಲ ಮನೆಯಿಂದ ಓದಲು ಶುರು ಮಾಡಿದರು. ಒಳಗಿನಿಂದ ಅವರ ಮನೆಯವರೂ ಬಂದು ನಿಂತರು. ನಡುವೆ ಒಂದು ಹೆಸರಿಗೆ ಇಬ್ಬರದೂ ಸಣ್ಣ ಜಗಳವಾಯಿತು, ಆ ಮನೆಯ ಸೊಸೆ ಯಾವ ಊರವಳು ಅಂತ.

ಉಳಿದ ಬದಲಾವಣೆಗಳನ್ನು ಅವರೇ ಹದಿನೈದು ದಿನ ಕೂತು ಒಂದೊಂದಾಗಿ ನೋಡಿದರು. ಇನ್ನೂ ಎರಡು ಪ್ಯಾರಾ ಹಾಗೇ ಸಿಕ್ಕವಂತೆ. ಆಮೇಲೆ ರೆಕಾರ್ಡ್ ನಿಲ್ಲಿಸಿದರು. ಮುಂದಿನ ಸಲ ಹೋದಾಗ ನುಡಿ ಭಾಗವನ್ನು ಯುನಿಕೋಡ್‌ಗೆ ಬದಲಿಸಿದೆವು. ಪರಿವರ್ತಕಗಳು ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ. ಹೆಸರುಗಳೇ ತುಂಬಿದ ಪುಸ್ತಕವಾದ್ದರಿಂದ ಸಾಲು ಸಾಲೂ ಓದಬೇಕಾಯಿತು. ಹನ್ನೊಂದು ಪುಟ ಉದ್ದದ ಒಂದು ಕೋಷ್ಟಕ ಇತ್ತು, ಇಡೀ ಊರಿನ ಮನೆಗಳದು. ಅದನ್ನು ಓಣಿಗೊಂದರಂತೆ ಒಡೆದೆವು. ಕೋಷ್ಟಕದಲ್ಲಿ ಒಂದು ಸಾಲು ತಿದ್ದಿದರೆ ಹನ್ನೊಂದೂ ಪುಟ ಮತ್ತೆ ಜೋಡಣೆಯಾಗುವುದು ತಪ್ಪಿತು. ಈಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಚಕ್ರ ತಿರುಗಿಸಿದರೆ ನಿಲ್ಲುವುದಿಲ್ಲ. ಕಂಪ್ಯೂಟರ್ ಅದೇ.

ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಇಂಥ ಫೈಲುಗಳು ಇನ್ನೂ ಇವೆ. ರಬಕವಿ-ಬನಹಟ್ಟಿಯಲ್ಲಿ ನೇಕಾರಿಕೆಯ ಬಗ್ಗೆ ಬರೆಯುವವರಿದ್ದಾರೆ, ಮುಧೋಳದಲ್ಲಿ ಘಟಪ್ರಭೆಯ ನೆರೆಯ ಬಗ್ಗೆ ಬರೆದಿಟ್ಟವರಿದ್ದಾರೆ. ನೀವೂ ಯಾರದೋ ಮನೆಯಲ್ಲಿ ಇಂಥ ಫೈಲಿನ ಮುಂದೆ ಕೂರುತ್ತೀರಿ, ಪತ್ರಿಕೆಯವರು ಅಂದರೆ ಕಂಪ್ಯೂಟರ್ ಗೊತ್ತು ಅಂತ ಊರಿನ ನಂಬಿಕೆ. ಮೊದಲು ನಕಲು ತೆಗೆಯಿರಿ. ಬೇರೊಂದು ಫೈಲ್ ಓಡಿಸಿ ನೋಡಿ. ಫೋಟೊ ಮರೆಮಾಡಿ ನೋಡಿ, ಕೆಂಪು ಗೆರೆ ನಿಲ್ಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. 'ಟ್ರ್ಯಾಕ್ ಚೇಂಜಸ್'ಗೆ ಬಂದಾಗ ಮಾತ್ರ ಕೈ ತಡೆದು, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮೊನ್ನೆ ಮಾಸ್ತರರು ಮತ್ತೆ ಫೋನ್ ಮಾಡಿದ್ದರು. ಬಡಿಗೇರ ಓಣಿಗೆ ಬಂದಿದ್ದಾರಂತೆ. ಆ ಓಣಿಯವರೊಬ್ಬರು ಜಮಖಂಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ತೊಂಬತ್ತರ ಹತ್ತಿರದ ವಯಸ್ಸು. "ನಿನ್ನ ಬೈಕ್ ಮ್ಯಾಲ ಕರಕೊಂಡ್ ಹೋಗ್ತೀಯೇನು?" ಅಂತ ಕೇಳಿದರು. ಭಾನುವಾರ ಹೋಗುತ್ತಿದ್ದೇವೆ.