ತಿಳಿಯಾದ ನೀರೆಲ್ಲ ಶುದ್ಧವೇ?



ವುಝೂಗೆ ನೀರು ತುಂಬಿಕೊಳ್ಳುವಾಗ ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ಎಂದು ನೋಡುವುದನ್ನು ಹಿರಿಯರು ನಮಗೆ ಕಲಿಸಿದ್ದಾರೆ. ಆದರೆ ಮಕ್ಕಳಿಗೆ ಕುಡಿಸುವ ನೀರಿಗೆ ಈ ಮೂರು ಪರೀಕ್ಷೆಗಳಷ್ಟೇ ಸಾಲವು.

ನಾನು ಹಿರಿಯೂರಿಗೆ ಸೊಸೆಯಾಗಿ ಬಂದವಳು. ನಮಗೆ ನೀರೆಂದರೆ ವೇದಾವತಿ. ವೇದಾವತಿಯೆಂದರೆ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟು. 1933ರ ಬಳಿಕ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಕ್ಕಳನ್ನು ಕರೆದುಕೊಂಡು ನಾವೂ ನೋಡಿ ಬಂದೆವು. ಎಷ್ಟು ನೀರು ಬಂತೆಂದು ಊರೆಲ್ಲ ಮಾತಾಡಿತು. ಎಂಥ ನೀರು ಬಂತೆಂದು ಕೇಳಿದವರು ಕಡಿಮೆ.

ಬಾಬಾಬುಡನ್‌ಗಿರಿಯ ಕಡೆಯಿಂದ ಹೊರಟ ಈ ನದಿ ಕಡೂರು, ಹೊಸದುರ್ಗ ತಾಲ್ಲೂಕುಗಳನ್ನು ಹಾದು ನಮ್ಮಲ್ಲಿಗೆ ಬರುತ್ತದೆ. ಇಷ್ಟು ದೂರ ಹರಿಯುವ ನೀರಿಗೆ ಹೊಲದ ಗೊಬ್ಬರ, ಊರ ಚರಂಡಿ, ಬಯಲಿನ ಕೊಳಕು ಮಳೆಯೊಂದಿಗೆ ಸೇರಬಹುದು. ಆದ್ದರಿಂದ ಒಂದು ಕಡೆ, ಒಂದು ಸಲ ಪರೀಕ್ಷಿಸಿದರೆ ಸಾಲದು. ಬೇಸಿಗೆಯಲ್ಲೂ ನೋಡಬೇಕು, ಮೊದಲ ಮಳೆಯಲ್ಲೂ ನೋಡಬೇಕು. ಶುದ್ಧೀಕರಿಸಿ ಕುಡಿಯಲು ಬಳಸುವ ನದಿಯ ಒಂದು ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಚರಂಡಿ ಸೇರಿದಷ್ಟೂ ಅದು ಕುಗ್ಗುತ್ತದೆ. ಇನ್ನು ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಮಲದಿಂದ ಬರುವ ಇ-ಕೊಲೈ ರೋಗಾಣು ಒಂದೂ ಇರಕೂಡದು.

ಇದು ಕೇವಲ ಪುಸ್ತಕದ ಮಾತಲ್ಲ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಹಲವರು ಪ್ರಾಣ ಕಳೆದುಕೊಂಡರು. ಅವರೂ ನಮ್ಮಂತೆಯೇ ಮನೆಯವರಿಗೆ ಕೊಡದಿಂದ ನೀರು ಕೊಟ್ಟವರು.

ಕೊಳವೆಬಾವಿ ಇದೆಯಲ್ಲ ಎನ್ನುವಿರಾ? ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗಳಿಗೂ ಹಾನಿ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದಲೇ ನಮಗೆ ನದಿಯ ನೀರು ಅಮೂಲ್ಯ, ಅದನ್ನು ಕೆಡದಂತೆ ಕಾಯುವುದು ಅಗತ್ಯ.

ಸಹೋದರಿಯರೇ, ಪರೀಕ್ಷೆ ಎಂದರೆ ಹೆದರಬೇಡಿ. ರೋಗಾಣು ಪತ್ತೆಯ ಪುಟ್ಟ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರಾಯಿತು. ಕಪ್ಪಾದರೆ ಆ ನೀರು ಮಲಿನವಾಗಿರುವ ಸಂಶಯವಿದೆ. ಕುದಿಸದೆ ಕುಡಿಯಬೇಡಿ, ಪ್ರಯೋಗಾಲಯಕ್ಕೂ ಕಳುಹಿಸಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆನ್ನುತ್ತದೆ. ಹೊಸದುರ್ಗದ ಹಳ್ಳಿಯಿರಲಿ, ಹೊಳಲ್ಕೆರೆಯದಿರಲಿ, ನಿಮ್ಮೂರಿನ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಯಾರೂ ಇಲ್ಲವೆಂದರೆ ನಿಮ್ಮ ಹೆಸರನ್ನೇ ಬರೆಸಿ.