ಹಿಮಾಲಯದ ಬುಡಕ್ಕೆ ಇಳಿದು ಬಂದುದು

ಋಷಿಕೇಶ,
ಜ್ಯೇಷ್ಠ ಶುದ್ಧ ಪಂಚಮಿ

ತೀರ್ಥರೂಪ ಸಮಾನರಾದ ಅಣ್ಣನವರಿಗೆ,

ಬದರಿಯ ದಾರಿಯಲ್ಲಿ ಗುಡ್ಡ ಕುಸಿದು ಬಸ್ಸುಗಳನ್ನು ತಡೆದಿರುವರಾದುದರಿಂದ ಎರಡು ದಿನಗಳಿಂದ ಗಂಗೆಯ ದಡದ ಧರ್ಮಶಾಲೆಯೊಂದರಲ್ಲಿ ತಂಗಿದ್ದೇವೆ. ಅತ್ತಿಗೆಯವರು ಕಟ್ಟಿಕೊಟ್ಟ ಹುರಿಹಿಟ್ಟು ಇನ್ನೂ ಅರ್ಧ ಉಳಿದಿದೆ. ಹಿಮವನ್ನು ಇನ್ನೂ ಕಂಡಿಲ್ಲ. ಕಂಡ ಮೇಲೆ ಬೇರೆ ಪತ್ರ ಬರೆಯುವೆನು.

ಹೊರಡುವಾಗ ತಾವು, "ಎತ್ತರ ಹತ್ತುವಾಗ ಉಸಿರಿನ ಕಡೆ ಲಕ್ಷ್ಯವಿರಲಿ" ಎಂದು ಎರಡು ಬಾರಿ ಹೇಳಿದಿರಿ. ಆ ಎಚ್ಚರಿಕೆ ಇನ್ನು ಮುಂದಕ್ಕೆ ಬೇಕಾದುದು. ಈವರೆಗೆ ನಾವು ಹತ್ತಿದುದು ಏನೂ ಇಲ್ಲ, ಇಳಿದುದೇ ಎಲ್ಲ. ನಮ್ಮ ದೊಡ್ಡಬಳ್ಳಾಪುರ ಸಮುದ್ರಮಟ್ಟಕ್ಕಿಂತ ಸುಮಾರು 880 ಮೀಟರು ಎತ್ತರದಲ್ಲಿರುವುದು. ಗಂಗೆಯು ಬೆಟ್ಟವನ್ನು ಬಿಟ್ಟು ಬಯಲಿಗೆ ಕಾಲಿಡುವ ಹರಿದ್ವಾರ 314 ಮೀಟರು. ಈ ಋಷಿಕೇಶ ಅದಕ್ಕಿಂತ ತುಸು ಮಾತ್ರ ಮೇಲು. ಲೋಕದಲ್ಲೆಲ್ಲ ಉನ್ನತವಾದ ಪರ್ವತದ ಪಾದವು ನಮ್ಮ ಮನೆಯ ಹಜಾರಕ್ಕಿಂತ ಇಷ್ಟು ತಗ್ಗಿನಲ್ಲಿದೆಯೆಂಬುದು, ಮೂವತ್ತು ವರ್ಷ ಮಕ್ಕಳಿಗೆ ಭೂಗೋಳವನ್ನು ಹೇಳಿಕೊಟ್ಟ ನನಗೆ ಅಂಕಿಗಳ ರೂಪದಲ್ಲಿ ತಿಳಿದೇ ಇದ್ದಿತಾದರೂ, ಎರಡು ರಾತ್ರಿ ಒಂದು ಹಗಲು ರೈಲಿನ ಕಿಟಕಿಯಲ್ಲಿ ಕುಳಿತು ನೆಲವು ತನ್ನ ಬಣ್ಣವನ್ನೂ ಆಕಾರವನ್ನೂ ಬದಲಿಸುತ್ತ ಬಂದುದನ್ನು ಕಂಡಲ್ಲದೆ ಮನಸ್ಸಿಗೆ ಹತ್ತಲಿಲ್ಲ.

ಆ ಇಳಿತ ಮೊದಲಾದುದೂ ನಮ್ಮ ಊರಿನಿಂದಲೇ. ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಹತ್ತಿ ಯಲಹಂಕವನ್ನು ಕಳೆದು ಸ್ವಲ್ಪ ಹೊತ್ತಿಗೆಲ್ಲ ನಮ್ಮೂರಿನ ಮಗ್ಗದ ಮನೆಗಳ ದೀಪಗಳು ಸರಿದುಹೋದುವು. ಮಾಕಳಿದುರ್ಗದ ಕಪ್ಪು ಆಕೃತಿ ನಕ್ಷತ್ರಗಳನ್ನು ಮರೆಮಾಡಿಕೊಂಡು ನಿಂತಿರಲು, ಗಾಡಿ ಗೌರಿಬಿದನೂರಿನ ಕಡೆಗೆ ಇಳಿಜಾರು ಹಿಡಿಯಿತು. ನಂದಿಯ ಬೆಟ್ಟಸಾಲಿನಲ್ಲಿ ಬಿದ್ದ ಮಳೆಯು ಅರ್ಕಾವತಿಯಾಗಿ ಕಾವೇರಿಗೂ, ದಕ್ಷಿಣ ಪಿನಾಕಿನಿಯಾಗಿ ದೇವನಹಳ್ಳಿ ಹೊಸಕೋಟೆಗಳ ಸೀಮೆಯನ್ನು ಹಾಯ್ದು ತಮಿಳುನಾಡಿಗೂ, ಉತ್ತರ ಪಿನಾಕಿನಿಯಾಗಿ ನೆಲ್ಲೂರಿನ ಕಡೆಗೂ ಹಂಚಿಹೋಗುವುದಷ್ಟೆ. ಆ ಮೂರನೆಯ ಪಾಲಿನ ಜಾಡನ್ನೇ ಹಿಡಿದು ಅಂದಿನ ರಾತ್ರಿ ನಾವೂ ಇಳಿದೆವು.

ಕಣ್ಣು ತೆರೆದಾಗ ಕಲಬುರಗಿ ಹಿಂದೆ ಉಳಿದಿತ್ತು. ನಮ್ಮ ಕೆಂಪು ಮಣ್ಣು ಎಲ್ಲಿಯೂ ಇಲ್ಲ. ಕಣ್ಣು ಹಾಯುವಷ್ಟು ದೂರವೂ ಬಿರುಕುಬಿಟ್ಟ ಎರೆಭೂಮಿ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಶಿಲಾರಸವು ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ ನಾಡು ಅದು. ಆದುದರಿಂದಲೇ ಸೊಲ್ಲಾಪುರದಿಂದ ಮನಮಾಡದವರೆಗೆ ಕಂಡ ಗುಡ್ಡಗಳೆಲ್ಲ ನೆತ್ತಿಯನ್ನು ಒಂದೇ ಮಟ್ಟಕ್ಕೆ ಕೊಯ್ದಿಟ್ಟಂತೆ ಚಪ್ಪಟೆಯಾಗಿಯೂ, ಪಕ್ಕಗಳಲ್ಲಿ ಸೋಪಾನಗಳಂತೆ ಮೆಟ್ಟಿಲು ಮೆಟ್ಟಿಲಾಗಿಯೂ ಇದ್ದುವು. ಸಂಜೆಗೆ ತಪತಿಯನ್ನು ದಾಟಿದೆವು. ನರ್ಮದೆ ಬಂದಾಗ ನಡುರಾತ್ರಿ. ಮಲಗಿದ್ದ ವೃದ್ಧೆಯೊಬ್ಬರು ಸೇತುವೆಯ ಸದ್ದಿಗೆ ಥಟ್ಟನೆ ಎದ್ದು, ಸೆರಗಿನ ಗಂಟಿನಿಂದ ನಾಣ್ಯವೊಂದನ್ನು ಬಿಚ್ಚಿ, ಕಿಟಕಿಯ ಸರಳುಗಳ ನಡುವಿನಿಂದ ಕತ್ತಲೆಗೆ ಸಮರ್ಪಿಸಿ ಕೈಮುಗಿದರು. ಕೃಷ್ಣೆ ಕಾವೇರಿಗಳು ಪೂರ್ವಕ್ಕೆ ವಾಲಿದ ಪ್ರಸ್ಥಭೂಮಿಯ ಇಳುಕಲನ್ನು ಅನುಸರಿಸಿದರೆ, ಈ ಎರಡು ನದಿಗಳು ಮಾತ್ರ ನೆಲ ಕುಸಿದುಂಟಾದ ಕಣಿವೆಗಳನ್ನು ಹಿಡಿದು ಪಶ್ಚಿಮಾಭಿಮುಖವಾಗಿ ಹೋಗುವುವು.

ಬೆಳಗಿನ ಜಾವ ಝಾನ್ಸಿಯ ಸುತ್ತ ಕಿಟಕಿಯಲ್ಲಿ ಕಂಡದ್ದನ್ನು ಬರೆಯದೆ ಮುಂದೆ ಹೋಗಲಾರೆ. ಒಂದರ ಮೇಲೊಂದು ಪೇರಿಸಿಟ್ಟಂಥ ದುಂಡು ಬಂಡೆಗಳು, ಅವುಗಳ ಸಂದಿಯಲ್ಲಿ ಮುಳ್ಳಿನ ಪೊದೆಗಳು, ಬುಡದಲ್ಲಿ ಕೆರೆ! ಬುಂದೇಲಖಂಡದ ಗ್ರಾನೈಟು ನಮ್ಮ ಶಿವಗಂಗೆಯ ಕಲ್ಲಿನ ಓರಗೆಯದು, ಎರಡರ ಪ್ರಾಯವೂ 250 ಕೋಟಿ ವರ್ಷಗಳ ಆಸುಪಾಸಿನದು. ಅದು ನನ್ನ ಬುದ್ಧಿಗೆ ತಿಳಿಯುವ ಮುನ್ನವೇ ಮನಸ್ಸಿಗೆ ಊರಿನವರನ್ನು ಪರಸ್ಥಳದಲ್ಲಿ ಕಂಡಷ್ಟು ಸಂತೋಷವಾಯಿತು. ಅನಂತರ ಚಂಬಲಿನ ಕೊರಕಲುಗಳು, ಅನಂತರ ಬಯಲು.

ಈ ಬಯಲಿನ ವಿಷಯವನ್ನೇ ತಮಗೆ ವಿಸ್ತಾರವಾಗಿ ಹೇಳಬೇಕೆಂದು ಕುಳಿತಿರುವೆನು. ದಿಲ್ಲಿಯಿಂದ ಹರಿದ್ವಾರಕ್ಕೆ ಬರುವಾಗ ಮುಜಫರ್‌ನಗರದ ಕಡೆಯ ಕಬ್ಬಿನ ರೈತರೊಬ್ಬರು ಎದುರಿಗೆ ಕುಳಿತಿದ್ದರು. ನನಗೆ ಬಂದಷ್ಟು ಹಿಂದಿಯಲ್ಲಿ ನಮ್ಮ ದ್ರಾಕ್ಷಿಯ ತೋಟವನ್ನು ವರ್ಣಿಸುತ್ತ, ಚಪ್ಪರವನ್ನು ಕಲ್ಲುಕಂಬಗಳ ಮೇಲೆ ಹಬ್ಬಿಸುವೆವೆಂದೂ ಬೇಲಿಗೂ ಕಲ್ಲುಕೂಚಗಳನ್ನೇ ನೆಡುವೆವೆಂದೂ ಹೇಳಿದಾಗ, ಅವರು ಬೆರಗಾಗಿ, ಅಷ್ಟು ಕಲ್ಲನ್ನು ಎಷ್ಟು ದೂರದಿಂದ ತರಿಸುವಿರಿ ಎಂದು ಕೇಳಿದರು. ತರಿಸುವುದಿಲ್ಲ, ಉಳುವುದಕ್ಕೆ ಅಡ್ಡಿಯೆಂದು ಹೊಲದಿಂದ ಎತ್ತಿಹಾಕುತ್ತೇವೆ ಎಂದೆನು. ಅವರ ಹೊಲದಲ್ಲಿ ಅಜ್ಜನ ಕಾಲದಿಂದಲೂ ನೇಗಿಲಿಗೆ ಒಂದು ಬೆಣಚುಕಲ್ಲೂ ತಗುಲಿದ್ದಿಲ್ಲವಂತೆ. ಅದು ಅತಿಶಯೋಕ್ತಿಯಲ್ಲ. ಹಿಮಾಲಯವನ್ನು ತೇದು ನದಿಗಳು ತಂದು ಸುರಿದ ಮೆಕ್ಕಲು ಈ ಬಯಲಿನಲ್ಲಿ ಕೆಲವೆಡೆ ಸಾವಿರಾರು ಅಡಿ ದಪ್ಪವಾಗಿದೆ. ದಾರಿಯುದ್ದಕ್ಕೂ ಇಟ್ಟಿಗೆಗೂಡುಗಳ ಹೊಗೆಕೊಳವೆಗಳು ನಿಂತಿರುವುದಕ್ಕೆ ಕಾರಣವೂ ಇದೇ. 1854ರಲ್ಲಿ ತೆರೆದ ಗಂಗಾ ನಾಲೆಯನ್ನು ರೂರ್ಕಿಯ ಬಳಿ ಸೋಲಾನಿ ನದಿಯ ಮೇಲೆ ಎತ್ತಿ ಹಾಯಿಸಿರುವ ಮೇಲ್ಗಾಲುವೆಯೂ ಇಟ್ಟಿಗೆಯ ಕಮಾನುಗಳ ಮೇಲೆಯೇ ನಿಂತಿದೆ.

ಆದರೆ ನನ್ನ ಮನಸ್ಸನ್ನು ಕಲಕಿದ ಮಾತು ಅದಲ್ಲ. ನೀರು ಎಷ್ಟು ಆಳದಲ್ಲಿದೆಯೆಂದು ನಾನು ಕೇಳಲು, ಅವರು ಅದೊಂದು ವಿಶೇಷವೇ ಅಲ್ಲವೆಂಬಂತೆ, ನೂರು ಅಡಿಯೊಳಗೆ ಎಂದರು. ನಮ್ಮ ತೋಟದ ಮೂರನೆಯ ಕೊಳವೆಬಾವಿ 1,200 ಅಡಿ ಇಳಿದೂ ಬೂದುಬಣ್ಣದ ಕಲ್ಲಿನ ಪುಡಿಯನ್ನಲ್ಲದೆ ಮತ್ತೇನನ್ನೂ ಉಗುಳದೆ ಹೋದ ದಿನ, ತಾವು ಚಪ್ಪರದ ಕೆಳಗೆ ಮಾತಿಲ್ಲದೆ ಸಂಜೆಯವರೆಗೂ ಕುಳಿತಿದ್ದುದು ನನ್ನ ಕಣ್ಣಿಗೆ ಕಟ್ಟಿತು. ತಮ್ಮ ದುಡಿಮೆಯಲ್ಲಿ ಲೋಪವಿರಲಿಲ್ಲ, ಅಣ್ಣಾ, ದೈವವೂ ಮುನಿದಿರಲಿಲ್ಲ. ಲಾಲ್‌ಬಾಗಿನ ಬಂಡೆಯ ಜಾತಿಯ ನಮ್ಮ ನೈಸ್ ಶಿಲೆ 300 ಕೋಟಿ ವರ್ಷಗಳಷ್ಟು ಪುರಾತನವಾದುದು. ಮರಳಿನಂತೆ ನೀರನ್ನು ಹೀರಿ ಹಿಡಿದಿಡುವ ರಂಧ್ರಗಳು ಅದರಲ್ಲಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ ಇಂಗಿದಷ್ಟು, ಬಿರುಕುಗಳಲ್ಲಿ ನಿಂತಷ್ಟು ನೀರೇ ನಮ್ಮ ಪಾಲಿನದು. ಆ ಬಿರುಕುಗಳಾದರೂ ಆಳಕ್ಕೆ ಹೋದಂತೆ ವಿರಳವಾಗುವುವು. ಇದನ್ನು ಯಾವ ಶಾಸ್ತ್ರವನ್ನೂ ಓದದೆ ಅರಿತ ನಮ್ಮ ಹಿರಿಯರು, ಆಳಕ್ಕೆ ಇಳಿಯದೆ, ಹಳ್ಳದ ಪ್ರತಿ ತಿರುವಿಗೂ ಏರಿಯನ್ನು ಹಾಕಿ, ತೂಬಿಟ್ಟು, ಒಂದರ ಕೋಡಿ ಮುಂದಿನದಕ್ಕೆ ಬೀಳುವಂತೆ ಕೆರೆಗಳ ಸರಮಾಲೆಯನ್ನು ಕಟ್ಟಿದರು. ಗಂಗಾಬಯಲಿನವರಿಗೆ ನೆಲವೇ ಕೆರೆ. ನಾವು ಕೆರೆಯನ್ನು ನೆಲದ ಮೇಲೆ ಕಟ್ಟಿಕೊಳ್ಳಬೇಕಾಯಿತು. ಹೆಸರಘಟ್ಟದಲ್ಲಿ 1894ರಲ್ಲಿಯೂ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿಯೂ ಅರ್ಕಾವತಿಯನ್ನು ತಡೆದು ಬೆಂಗಳೂರಿಗೆ ನೀರು ಕೊಡಲು ಸಾಧ್ಯವಾದುದು, ಮೇಲಿನ ನಮ್ಮ ಕೆರೆಗಳು ತುಂಬಿ ಕೋಡಿಬಿದ್ದು ಹೊಳೆಗೆ ನೀರಿಳಿಸುತ್ತಿದ್ದುದರಿಂದಲೇ ಎಂದು ನಾನು ನಂಬಿದ್ದೇನೆ. ನಾವು ಬಾಲ್ಯದಲ್ಲಿ ಈಜಿದ ಆ ಹೊಳೆ ಇಂದು ಎಂಥ ಸ್ಥಿತಿಯಲ್ಲಿದೆಯೆಂಬುದನ್ನು ತಮಗೆ ಬರೆಯಬೇಕಾದ್ದಿಲ್ಲ.

ನಿನ್ನೆ ಮಧ್ಯಾಹ್ನ ಘಟ್ಟದ ಮೆಟ್ಟಿಲಿನ ಮೇಲೆ ಕುಳಿತು ನದಿಯ ಗುಂಡುಕಲ್ಲುಗಳನ್ನು ನೋಡುತ್ತಿದ್ದೆ. ಬಿಳಿ, ಹಸಿರು, ಹೊಗೆಬಣ್ಣ. ಒಂದರಂತೆ ಇನ್ನೊಂದಿಲ್ಲ, ಎಲ್ಲವೂ ಉರುಳುರುಳಿ ನುಣ್ಣಗಾದುವು. ಬಂದ ದಾರಿಯಲ್ಲಿ ಕಂಡ ಶಿವಾಲಿಕದ ಗುಡ್ಡಗಳಂತೂ ಇಂಥವೇ ಕಲ್ಲು ಮರಳುಗಳ ರಾಶಿ ಬಿಗಿದು ಆದುವಾದುದರಿಂದ, ಎಷ್ಟೋ ಕಡೆ ಕೈಯಿಂದ ಕೆರೆದರೂ ಉದುರುವುವು. ನಮ್ಮ ನೆಲವು ಉತ್ತರಕ್ಕೆ ಸರಿದು ಏಷ್ಯಾ ಖಂಡವನ್ನು ಒತ್ತತೊಡಗಿ ಸುಮಾರು 5 ಕೋಟಿ ವರ್ಷಗಳಾದುವು. ಆ ಒತ್ತಡ ಇನ್ನೂ ನಿಂತಿಲ್ಲ, ಹಿಮಾಲಯದ ಬೆಳವಣಿಗೆಯೂ ನಿಂತಿಲ್ಲ. ನಮ್ಮ ದಾರಿಯನ್ನು ಮುಚ್ಚಿದ ಕುಸಿತವು ಇಂಥ ಎಳೆಯ ಪರ್ವತಕ್ಕೆ ಸಹಜವೆಂದು ತೋರಿದಾಗ ಕಾಯುವ ಬೇಸರ ಕಡಮೆಯಾಯಿತು. 1,117 ಮೀಟರಿನ ನಮ್ಮ ಮಾಕಳಿದುರ್ಗ ಈ ಗಿರಿರಾಜನಿಗಿಂತ ಎಷ್ಟೋ ಹಿರಿಯದು. ಸವೆದು ಸವೆದು ಕುಳ್ಳಾಗಿದೆ. ನಮ್ಮ ಮನೆಯವಳು ಪೂಜೆಗೆಂದು ಮೂರು ಕಲ್ಲುಗಳನ್ನು ಆರಿಸಿಕೊಂಡಿದ್ದಾಳೆ. ನಾನೂ ಒಂದನ್ನು ತರುವೆನು. ಬಾವಿಕಟ್ಟೆಯ ಚಪ್ಪಡಿಯ ಮೇಲೆ ಇಟ್ಟು ಮಕ್ಕಳಿಗೆ ತೋರಿಸಬೇಕೆಂದು.

ನಾಲ್ಕನೆಯ ಕೊಳವೆಬಾವಿಯ ಯೋಚನೆಯನ್ನು ನಾನು ಬರುವವರೆಗೆ ಮುಂದಕ್ಕೆ ಹಾಕಬೇಕೆಂದು ಪ್ರಾರ್ಥನೆ. ಅದಕ್ಕೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪ ಭಾಗವನ್ನು, ಊರಿನ ನಾಲ್ಕು ಜನ ಒಪ್ಪಿದರೆ, ಗುಡ್ಡದ ಕಡೆಯಿಂದ ನಮ್ಮ ಕೆರೆಗೆ ನೀರು ತರುವ ಕಾಲುವೆಯ ಹೂಳನ್ನು ತೆಗೆಸುವುದಕ್ಕೆ ವಿನಿಯೋಗಿಸಬಹುದು. ಹುಣಸೆಮರದಿಂದ ಕೆಳಗೆ ಅದು ಪೂರ್ತಿ ಮುಚ್ಚಿಹೋಗಿದೆ. ಆರಿದ್ರ ಮಳೆಗೆ ಮುಂಚೆ ಆಗಬೇಕಾದ ಕೆಲಸವಿದು. ಹುಣ್ಣಿಮೆ ಕಳೆದೊಡನೆ ನಾನು ಊರಿನಲ್ಲಿರುವೆನು. ದಾರಿ ನಾಳೆ ತೆರೆಯಬಹುದೆಂದು ಹೇಳುತ್ತಿದ್ದಾರೆ.

ಅತ್ತಿಗೆಯವರಿಗೆ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತು ತಮ್ಮ ವಿಧೇಯ ಸಹೋದರ